ರೋಗಿ ಬರೆದದ್ದನ್ನು ಓದಿ, ನೀವು ಬರೆದದ್ದನ್ನು ಓದಲು ಕೊಡಿ: ಮನೋವೈದ್ಯರಿಗೆ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದವರಿಗೆ, ಮುಂಬೈ, ಥಾಣೆ ಮತ್ತು ಪುಣೆಯ ಸರ್ಕಾರಿ ಹಾಗೂ ಪಾಲಿಕೆ ಆಸ್ಪತ್ರೆಗಳ ಮನೋವೈದ್ಯರಿಗೆ, ಈ ಊರುಗಳ ಕನ್ನಡ ಸಂಘಗಳ ಹಿರಿಯರಿಗೆ,

ನಮಸ್ಕಾರ.

ನನ್ನ ಬೇಡಿಕೆ ಸಣ್ಣದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೋರೋಗ ವಿಭಾಗದ ಓಪಿಡಿಗೆ ಬರುವವರಿಗೆ, ಡಾಕ್ಟರ ಮುಂದೆ ಕೂರುವ ಮೊದಲು, ಒಂದು ಹಾಳೆ ಮತ್ತು ಪೆನ್ನು ಕೊಡಿ. ತಮಗೆ ಬರುವ ಭಾಷೆಯಲ್ಲಿ ಅವರು ಬರೆಯಲಿ. ಡಾಕ್ಟರು ಅದನ್ನು ಓದಿ ಮಾತು ಶುರು ಮಾಡಲಿ. ಕೊನೆಗೆ, ತಮಗೆ ಏನು ಅರ್ಥವಾಯಿತು, ಏನು ಮಾಡಬೇಕೆಂದಿದ್ದಾರೆ ಎಂದು ಡಾಕ್ಟರೂ ನಾಲ್ಕು ಸಾಲು ಬರೆದು ಆ ವ್ಯಕ್ತಿಯ ಕೈಗೆ ಕೊಡಲಿ. ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಮಷೀನು ಬೇಡ.

ನಾನು ಡೊಂಬಿವಲಿಯವಳು. ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ನಿವೃತ್ತಿಯಾಗಿದೆ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ದನಿಗಳು ಕೇಳಿಸುವ, ಭ್ರಮೆ ಹುಟ್ಟಿಸುವ ಮನೋರೋಗ. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗನಿಗೆ ಇಪ್ಪತ್ತು ದಾಟಿದ ಹೊಸದರಲ್ಲಿ ಕಾಯಿಲೆ ಶುರುವಾಯಿತು. ಅಂದಿನಿಂದ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ನಾನೇ. ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಮಧ್ಯಾಹ್ನದ ಊಟವನ್ನೂ ಬಿಟ್ಟು ರೋಗಿಗಳನ್ನು ನೋಡುವವರನ್ನು ಅಲ್ಲಿ ಕಂಡಿದ್ದೇನೆ.

ಆದರೆ ಓಪಿಡಿಯಲ್ಲಿ ನಡೆಯುವ ಮಾತುಕತೆ ಹೇಗಿರುತ್ತದೆ ನೋಡಿ. ಕೇಸ್ ಪೇಪರ್ ಕೌಂಟರಿನ ಕ್ಯೂ ಮುಗಿದು, ಬೆಂಚಿನಲ್ಲಿ ಕಾದು, ಹೆಸರು ಕೂಗಿದಾಗ ಇಬ್ಬರೂ ಒಳಗೆ ಹೋಗುತ್ತೇವೆ. ಡಾಕ್ಟರು ಕೇಳುವುದು ನನ್ನನ್ನು. ನಿದ್ದೆ ಮಾಡ್ತಾರಾ? ಊಟ ಮಾಡ್ತಾರಾ? ಒಬ್ಬರೇ ಮಾತಾಡ್ಕೋತಾರಾ? ಮನೆಯಲ್ಲಿ ಗಲಾಟೆ ಏನಾದರೂ? ನಾನು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತೇನೆ. ತಮ್ಮ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಾನೆ. ಅವನನ್ನು ಕೊನೆಗೆ 'ಕೈಸೇ ಹೋ?' ಎಂದು ಕೇಳುತ್ತಾರೆ. ಅವನು 'ಠೀಕ್' ಎನ್ನುತ್ತಾನೆ. ಕೇಸ್ ಪೇಪರಿನ ಮೇಲೆ ಹಿಂದಿನ ಮಾತ್ರೆಗಳೇ ಮುಂದುವರಿಯುತ್ತವೆ.

ಇದು ಯಾಕೆ ಹೀಗಾಗುತ್ತದೆ ಎಂದು ಗೊತ್ತಿಲ್ಲದ್ದೇನಲ್ಲ. ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಿಕ್ಕವರಿಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಬೇಗ ಬೇಗ, ಕ್ರಮವಾಗಿ ಮಾತಾಡುವವರ ಮಾತೇ ನಿಲ್ಲುತ್ತದೆ. ಅಂದರೆ ಕಾಯಿಲೆ ಇಲ್ಲದವರ ಮಾತು. ಕಾಯಿಲೆಯಿಂದಲೋ ಮಾತ್ರೆಯಿಂದಲೋ ಯೋಚನೆ ನಿಧಾನವಾದವರಿಗೆ, ಒಂದು ಪ್ರಶ್ನೆಗೆ ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಮುಂದಿನ ಹೆಸರು ಕೂಗಿ ಆಗಿರುತ್ತದೆ. ಇನ್ನೂ ಒಂದು ವಿಷಯ ಇದೆ. ಅಕ್ಕನ ಬಗ್ಗೆಯೇ ಅವನಿಗೆ ಏನಾದರೂ ದೂರಿದ್ದರೆ, ಅಕ್ಕನ ಎದುರೇ ಅದನ್ನು ಹೇಳುವುದು ಹೇಗೆ?

ಬೋಧನಾ ಆಸ್ಪತ್ರೆಗಳಲ್ಲಿ ರೆಸಿಡೆಂಟ್ ಡಾಕ್ಟರುಗಳು, ಅಂದರೆ ಕೆಲಸ ಮಾಡುತ್ತಲೇ ತಜ್ಞರಾಗಲು ಕಲಿಯುತ್ತಿರುವವರು, ಬದಲಾಗುತ್ತಲೇ ಇರುತ್ತಾರೆ. ಪ್ರತಿ ಹೊಸ ಮುಖಕ್ಕೂ ಕಥೆ ಮೊದಲಿನಿಂದ ಹೇಳಬೇಕು. ಹೇಳಿ ಹೇಳಿ ಸಾಕಾದ ಮೇಲೆ 'ಠೀಕ್' ಅನ್ನುವುದೇ ಸುಲಭ, ಅಲ್ವಾ?

ಮಾತು ಕಡಿಮೆಯಾದ ಮೇಲೂ ನನ್ನ ತಮ್ಮ ಬರೆಯುವುದನ್ನು ಬಿಟ್ಟಿರಲಿಲ್ಲ. ಹೋಟೆಲಿನ ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕ ಒಂದಿತ್ತು. ಅದರಲ್ಲಿ ಕನ್ನಡದಲ್ಲಿ ಏನಾದರೂ ಬರೆದಿಡುತ್ತಿದ್ದ. ಒಂದು ಸಲ ರಿಸ್ಪೆರಿಡೋನ್ ಮಾತ್ರೆಯ ಪ್ರಮಾಣ ಜಾಸ್ತಿ ಮಾಡಿದರು. ಕೆಲವು ದಿನಗಳಲ್ಲಿ ಅವನು ರಾತ್ರಿಯಿಡೀ ಮನೆಯ ಹಾಲ್‌ನಲ್ಲಿ ಓಡಾಡತೊಡಗಿದ. ಕೂರುವುದು, ಏಳುವುದು, ಮತ್ತೆ ಕೂರುವುದು. ಊಟಕ್ಕೆ ಕೂತರೆ ಅರ್ಧದಲ್ಲೇ ಏಳುವುದು. ನಾನು ಕಂಡದ್ದನ್ನು ಕಂಡ ಹಾಗೆ ಡಾಕ್ಟರಿಗೆ ಹೇಳಿದೆ. ಕಾಯಿಲೆ ಕೆರಳಿದೆ ಎಂದು ಕೇಸ್ ಪೇಪರಿನಲ್ಲಿ ಬರೆದು ಮಾತ್ರೆಯನ್ನು ಇನ್ನೂ ಏರಿಸಿದರು. ಓಡಾಟ ಇನ್ನೂ ಹೆಚ್ಚಿತು. ಆಮೇಲೆ ಅವನು ಮಾತ್ರೆಯನ್ನೇ ನಿಲ್ಲಿಸಿಬಿಟ್ಟ. ಈಗ ಕೇಸ್ ಪೇಪರಿನಲ್ಲಿ, ಔಷಧಿ ಸರಿಯಾಗಿ ತೆಗೆದುಕೊಳ್ಳದ ರೋಗಿ ಎಂದಾಯಿತು.

ಮುಂದಿನ ಭೇಟಿಯಲ್ಲಿ ಅವನೇ ಆ ಪುಸ್ತಕದಿಂದ ಒಂದು ಹಾಳೆ ಹರಿದು ಮೇಜಿನ ಮೇಲೆ ಇಟ್ಟ. ಅಂದು ಇದ್ದವರು ಒಬ್ಬ ಯುವ ರೆಸಿಡೆಂಟ್. ಅವರು ಅದನ್ನು ಪಕ್ಕಕ್ಕೆ ಸರಿಸಲಿಲ್ಲ. 'ನಿಮ್ಮ ಅಕ್ಕ ಇದನ್ನು ನನಗೆ ಹಿಂದಿಯಲ್ಲಿ ಓದಿ ಹೇಳಬಹುದಾ?' ಎಂದು ತಮ್ಮನನ್ನು ಕೇಳಿದರು. ಗಮನಿಸಿ, ನನ್ನನ್ನಲ್ಲ, ಅವನನ್ನು ಕೇಳಿದರು. ಅವನು ತಲೆಯಾಡಿಸಿದ. ಅದರಲ್ಲಿ ಹೀಗಿತ್ತು: 'ಕಾಲು ಒಳಗಿನಿಂದ ಎಳೆಯುತ್ತದೆ. ಕೂತರೆ ಏಳು ಅನ್ನುತ್ತದೆ. ನಡೆದರೆ ಸ್ವಲ್ಪ ಕಡಿಮೆ. ಇದು ದನಿಗಳು ಹೇಳುವುದಲ್ಲ, ಕಾಲೇ ಹೇಳುವುದು. ಮಾತ್ರೆ ಜಾಸ್ತಿ ಮಾಡಿದ ಮೇಲೆ ಬಂದದ್ದು.'

ಅವರು ತಮ್ಮನನ್ನು ನಿಲ್ಲಿಸಿ, ಕೂರಿಸಿ, ಕಾಲುಗಳನ್ನು ಗಮನಿಸಿದರು. ಅದು ಅಕಥೀಸಿಯಾ. ಮನೋರೋಗದ ಕೆಲವು ಔಷಧಿಗಳಿಂದ ಬರುವ, ಎಲ್ಲ ಮನೋವೈದ್ಯರಿಗೂ ಗೊತ್ತಿರುವ ಅಡ್ಡಪರಿಣಾಮ. ಅವರು ಮಾತ್ರೆಯ ಪ್ರಮಾಣ ಇಳಿಸಿದರು, ಆ ಚಡಪಡಿಕೆ ತಗ್ಗಿಸಲು ಪ್ರೊಪ್ರನಲಾಲ್ ಎಂಬ ಮಾತ್ರೆ ಸೇರಿಸಿದರು. ಓಡಾಟ ಕಡಿಮೆಯಾಯಿತು. ತಮ್ಮ ಮತ್ತೆ ಔಷಧಿ ತೆಗೆದುಕೊಳ್ಳತೊಡಗಿದ.

ಮಾನ್ಯರೇ, ಈ ಪತ್ರ ಬರೆಯಲು ಕಾರಣ ಆ ಹಾಳೆ. ಕಾಯಿಲೆಯಿಂದ ಬಂದ ಚಡಪಡಿಕೆ ಮತ್ತು ಔಷಧಿಯಿಂದ ಬಂದ ಚಡಪಡಿಕೆ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ. ಒಂದಕ್ಕೆ ಮಾತ್ರೆ ಏರಿಸಬೇಕಾಗಬಹುದು, ಇನ್ನೊಂದಕ್ಕೆ ಇಳಿಸಬೇಕು. ಯಾವುದು ಯಾವುದು ಎಂಬ ಸುಳಿವು ಇರುವುದು ಆ ಮೈಯೊಳಗೆ ಇರುವವರ ಹತ್ತಿರ. ಅಕ್ಕ ಎಷ್ಟೇ ಪ್ರೀತಿಯಿಂದ ನೋಡಿದರೂ ಅದು ಅವಳಿಗೆ ಕಾಣುವುದಿಲ್ಲ. ಡಾಕ್ಟರು ಎಷ್ಟೇ ಓದಿದ್ದರೂ ಕೇಳದೆ ಗೊತ್ತಾಗುವುದಿಲ್ಲ. 'ಭ್ರಮೆ ಇರುವವನು ಬರೆದದ್ದನ್ನು ನಂಬುವುದು ಹೇಗೆ?' ಎಂದು ಕೇಳುವವರಿದ್ದಾರೆ. ದನಿಗಳು ಬೇರೆ, ಕಾಲು ಬೇರೆ ಎಂದು ಅವನೇ ಬಿಡಿಸಿ ಬರೆದಿದ್ದ. ಅಷ್ಟು ತಿಳಿವಳಿಕೆ ಅವನಲ್ಲಿ ಇತ್ತು. ಅದು ಹೊರಗೆ ಬರಲು ಸಮಯ ಬೇಕಿತ್ತು, ತಡೆಯದೆ ಕೇಳುವ ಏನಾದರೂ ಒಂದು ಬೇಕಿತ್ತು. ಹಾಳೆ ಆ ಕೆಲಸ ಮಾಡಿತು.

ಈಗ ಇನ್ನೊಂದು ದಿಕ್ಕಿನ ಬರಹಕ್ಕೆ ಬರುತ್ತೇನೆ. ನೀವು ಬರೆಯುವುದು, ನಾವು ಓದುವುದು. ಇದನ್ನು ನಾನು ಹೊಸದಾಗಿ ಬೇಡುತ್ತಿಲ್ಲ, ಕಾನೂನೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 22ರ ಪ್ರಕಾರ ತನ್ನ ಕಾಯಿಲೆ ಏನು, ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮಗಳೇನು ಎಂದು ತಿಳಿಯುವ ಹಕ್ಕು ರೋಗಿಗೆ ಇದೆ. ಅದೂ ಆತನಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ. ಸೆಕ್ಷನ್ 25 ರೋಗಿಗೆ ತನ್ನ ಮೂಲಭೂತ ವೈದ್ಯಕೀಯ ದಾಖಲೆ ನೋಡುವ ಹಕ್ಕು ಕೊಡುತ್ತದೆ. ಓದಿದರೆ ಗಂಭೀರ ಹಾನಿ ಆಗಬಹುದು ಎನ್ನುವಂಥ ಭಾಗವನ್ನು ಮಾತ್ರ ಡಾಕ್ಟರು ತಡೆಹಿಡಿಯಬಹುದು. ಹಾಗೆ ತಡೆದರೆ, ಇಂಥ ದೂರುಗಳನ್ನು ನೋಡುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಹಾಕಬಹುದು ಎಂದು ರೋಗಿಗೆ ತಿಳಿಸಬೇಕು. ಅದಕ್ಕೂ ಮೊದಲೇ, 2002ರ ವೈದ್ಯಕೀಯ ನಡತೆಯ ನಿಯಮಗಳಲ್ಲಿ, ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದಿತ್ತು. ಕಾಗದದ ಮೇಲೆ ಎಲ್ಲ ಇದೆ. ಓಪಿಡಿಯ ಕೌಂಟರಿನಲ್ಲಿ ಇದನ್ನು ಕೇಳಲು ಧೈರ್ಯ ಯಾರಿಗಿದೆ ಹೇಳಿ. ಕೇಳಿದವರನ್ನು ಕೇಸು ಹಾಕಲು ಬಂದವರ ಥರ ನೋಡುತ್ತಾರೆ.

ರೋಗಿ ತನ್ನ ಬಗ್ಗೆ ಬರೆದದ್ದನ್ನು ಓದಿದರೆ ನೊಂದುಕೊಳ್ಳುತ್ತಾನೆ, ಜಗಳಕ್ಕೆ ಬರುತ್ತಾನೆ ಎಂಬ ಅಂಜಿಕೆ ನಿಮಗಿರಬಹುದು. ಅಮೆರಿಕದಲ್ಲಿ 2010ರಲ್ಲಿ ನೂರಕ್ಕೂ ಹೆಚ್ಚು ವೈದ್ಯರು ತಮ್ಮ ಟಿಪ್ಪಣಿಗಳನ್ನು ಸಾವಿರಾರು ರೋಗಿಗಳಿಗೆ ಓದಲು ಬಿಟ್ಟರು. ಓಪನ್‌ನೋಟ್ಸ್ ಎಂದು ಅದರ ಹೆಸರು. ಒಂದು ವರ್ಷದ ಪ್ರಯೋಗ ಮುಗಿದಾಗ ಒಬ್ಬ ವೈದ್ಯರೂ ನಿಲ್ಲಿಸುತ್ತೇನೆ ಎನ್ನಲಿಲ್ಲ. ರೋಗಿಗಳಲ್ಲಿ ನೂರಕ್ಕೆ 99 ಮಂದಿ ಮುಂದುವರಿಸಿ ಎಂದರು. ಅವರು ಸಾಮಾನ್ಯ ಕಾಯಿಲೆಗಳ ವೈದ್ಯರು, ಮನೋವೈದ್ಯರಲ್ಲ. ಆ ವ್ಯತ್ಯಾಸ ದೊಡ್ಡದೇ. ಆದರೂ ನನಗೆ ತಿಳಿದದ್ದನ್ನು ಹೇಳುತ್ತೇನೆ. ಡಾಕ್ಟರು ತನ್ನ ಎದುರು ಕೂತು ಬರೆಯುವುದು ಪೊಲೀಸರಿಗೆ ಕಳಿಸುವ ವರದಿ ಎಂದು ನನ್ನ ತಮ್ಮ ಬಹಳ ಕಾಲ ನಂಬಿದ್ದ. ಅದೇ ಯುವ ರೆಸಿಡೆಂಟ್ ಒಂದು ದಿನ ಕೇಸ್ ಪೇಪರಿನ ಹಿಂಭಾಗದಲ್ಲಿ ಸರಳ ಹಿಂದಿಯಲ್ಲಿ ಬರೆದುಕೊಟ್ಟರು: ಕಾಲಿನ ತೊಂದರೆ ಮಾತ್ರೆಯಿಂದ ಆದದ್ದು, ನಿನ್ನ ತಪ್ಪಲ್ಲ, ಮತ್ತೆ ಬಂದರೆ ಮಾತ್ರೆ ಬಿಡಬೇಡ, ಬಂದು ಹೇಳು. ತಮ್ಮ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಪೊಲೀಸರ ಮಾತು ಆಮೇಲೆ ಪೂರ್ತಿ ಹೋಗಲಿಲ್ಲ, ಆದರೆ ಆ ಡಾಕ್ಟರ ವಿಷಯದಲ್ಲಿ ಹೋಯಿತು. ಓದಲು ಸಿಗದ ಬರಹದ ಬಗ್ಗೆ ಮನಸ್ಸು ಕಟ್ಟಿಕೊಳ್ಳುವ ಭಯ, ಓದಿದ ಬರಹ ತರುವ ನೋವಿಗಿಂತ ಜಾಸ್ತಿ.

ಮುಂಚಿತ ನಿರ್ದೇಶನದ ಬಗ್ಗೆಯೂ ಬರೆಯಬೇಕು. ಅದೇ ಕಾಯ್ದೆಯ ಸೆಕ್ಷನ್ 5ರಲ್ಲಿ, ಆರಾಮವಾಗಿರುವಾಗಲೇ, ಮುಂದೆ ಕಾಯಿಲೆ ಏರಿದರೆ ನನ್ನನ್ನು ಹೇಗೆ ನೋಡಿಕೊಳ್ಳಿ, ಹೇಗೆ ನೋಡಿಕೊಳ್ಳಬೇಡಿ ಎಂದು ಬರೆದಿಡುವ ಹಕ್ಕು ಕೊಟ್ಟಿದ್ದಾರೆ. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ, ಉಳಿದಂತೆ ಅದಕ್ಕೆ ಬೆಲೆ ಇದೆ. ಇಂಥದ್ದೇ ಒಂದು ಪತ್ರವನ್ನು ರೋಗಿ ಮತ್ತು ಡಾಕ್ಟರು ಒಟ್ಟಿಗೆ ಕೂತು ಬರೆದರೆ ಏನಾಗುತ್ತದೆ ಎಂದು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ್ದಾರೆ. 160 ಮಂದಿಯ ಅಧ್ಯಯನ 2004ರಲ್ಲಿ ಬಂತು. ಪತ್ರ ಬರೆದವರಲ್ಲಿ ಬಲವಂತದ ದಾಖಲಾತಿ ಅಥವಾ ಚಿಕಿತ್ಸೆ ನೂರಕ್ಕೆ 13, ಬರೆಯದವರಲ್ಲಿ 27. 2013ರಲ್ಲಿ 569 ಮಂದಿಯ ಇನ್ನೂ ದೊಡ್ಡ ಅಧ್ಯಯನ ಬಂತು. ಅದರಲ್ಲಿ ಬಲವಂತದ ದಾಖಲಾತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗಿಗಳಿಗೂ ವೈದ್ಯರ ತಂಡಕ್ಕೂ ನಡುವಿನ ಸಂಬಂಧ ಸುಧಾರಿಸಿತ್ತು. ಹಲವು ಕಡೆ ವೈದ್ಯರು ಅದರಲ್ಲಿ ಮನಸ್ಸಿಟ್ಟು ಪಾಲ್ಗೊಂಡಿರಲಿಲ್ಲ ಎಂಬುದೂ ಹೊರಗೆ ಬಂತು. ಈ ಎರಡನೇ ಅಧ್ಯಯನವೇ ನನಗೆ ಹೆಚ್ಚು ಮುಖ್ಯ. ಫಾರ್ಮ್ ತುಂಬಿಸಿ ಫೈಲಿಗೆ ಸೇರಿಸಿದರೆ ಏನೂ ಆಗುವುದಿಲ್ಲ. ನಾನು ಕೇಳುತ್ತಿರುವ ಹಾಳೆಯೂ ಹಾಗೇ ಆಗಬಹುದು. ನರ್ಸ್ ಬರೆಸಿಕೊಳ್ಳುತ್ತಾರೆ, ಪಿನ್ ಹೊಡೆಯುತ್ತಾರೆ, ಯಾರೂ ಓದುವುದಿಲ್ಲ. ಹಾಗೆ ಮಾಡುವುದಾದರೆ ದಯವಿಟ್ಟು ಶುರುವೇ ಮಾಡಬೇಡಿ. ಬರೆಸಿಕೊಂಡು ಓದದೇ ಇರುವುದು, ಕೇಳದೇ ಇರುವುದಕ್ಕಿಂತ ದೊಡ್ಡ ಅವಮಾನ.

ಬರೆಯುವುದರಿಂದ ಎಲ್ಲ ಒಳ್ಳೆಯದೇ ಆಗುತ್ತದೆ ಎಂದೂ ನಾನು ಹೇಳುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಕಹಿ ಘಟನೆಗಳ ಬಗ್ಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಘಟನೆಯನ್ನೂ ಅದರ ಜೊತೆಗಿನ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಲಿನಿಕ್ಕಿಗೆ ಹೋದದ್ದು ಕಡಿಮೆ. ಆದರೆ ಬರೆದ ಆ ಹೊತ್ತಿನಲ್ಲಿ ಅವರ ಮನಸ್ಸು ಇನ್ನೂ ಕೆಟ್ಟಿತ್ತು. ಗಟ್ಟಿಮುಟ್ಟಾದ ಹುಡುಗರಿಗೇ ಹೀಗಾದರೆ, ಓಪಿಡಿಗೆ ಬಂದವರಿಗೆ ಹೇಗಿರಬೇಡ? ಹಳೆಯ ಗಾಯ ಕೆದಕಿ ಬರೆಯಿರಿ ಎಂದು ಯಾರನ್ನೂ ಒತ್ತಾಯಿಸಬಾರದು. ಖಾಲಿ ಹಾಳೆ ವಾಪಸ್ ಕೊಡುವ ಸ್ವಾತಂತ್ರ್ಯ ಇರಬೇಕು. ಬರೆದ ಹಾಳೆ ಮನೆಯವರ ಕೈಗೆ ಹೋಗಬಾರದು. ಮದುವೆ ಮಾತುಕತೆಯಲ್ಲಿ, ಆಸ್ತಿ ಜಗಳದಲ್ಲಿ ಇಂಥ ಕಾಗದ ಏನು ಮಾಡಬಲ್ಲದು ಎಂದು ನಮಗೆಲ್ಲ ಗೊತ್ತು. ಅಕ್ಷರ ಓರೆಯಾಗಿದೆ, ವಾಕ್ಯ ಎತ್ತಲೋ ಹೋಗಿದೆ ಎಂದು ಬರಹವನ್ನು ಬರೀ ಕಾಯಿಲೆಯ ಲಕ್ಷಣವಾಗಿ ನೋಡುವುದೂ ಬೇಡ. ಅದರಲ್ಲಿ ಲಕ್ಷಣ ಇರಬಹುದು, ಸುದ್ದಿಯೂ ಇರುತ್ತದೆ. ಮತ್ತೆ, ಜೀವ ಬೇಡ ಎಂದು ಯಾರಾದರೂ ಬರೆದರೆ ಅದು ಸಂಜೆಯವರೆಗೆ ಫೈಲಿನಲ್ಲಿ ಮಲಗಿರಬಾರದು. ಹಾಳೆ ತೆಗೆದುಕೊಳ್ಳುವವರು ಅಲ್ಲೇ ಓದಿ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಪ್ರತಿ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಮುದ್ರಿಸಿ.

ಭಾಷೆಯ ಮಾತು ಬರದೆ ಇರುವುದಿಲ್ಲ. ನಾವು ತುಳುನಾಡಿನ ಕಡೆಯವರು ಮನೆಯಲ್ಲಿ ತುಳು ಮಾತಾಡುತ್ತೇವೆ, ಬರೆಯುವುದು ಕನ್ನಡದಲ್ಲಿ. ಅಕ್ಕಲಕೋಟೆ, ಜತ್ತ ಕಡೆಯ ಎಷ್ಟೋ ಜನ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆ ಕಲಿತದ್ದು ಮರಾಠಿಯಲ್ಲಿ, ಬರೆಯುವುದೂ ಅದರಲ್ಲೇ. ಕಲಬುರಗಿ, ಯಾದಗಿರಿಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಕೆಲವರಿಗೆ ಬರೆಯಲು ಯಾವ ಭಾಷೆಯೂ ಬಾರದು. ಹಾಗಾಗಿ ಕೇಸ್ ಪೇಪರಿನಲ್ಲಿ ಮಾತೃಭಾಷೆ ಒಂದನ್ನೇ ಕೇಳಿದರೆ ಸಾಲದು. ಯಾವುದರಲ್ಲಿ ಮಾತಾಡುತ್ತೀರಿ, ಯಾವುದರಲ್ಲಿ ಬರೆಯುತ್ತೀರಿ, ಎರಡನ್ನೂ ಕೇಳಿ. ಬರೆಯಲು ಬಾರದವರಿಗೆ ಬರೆದುಕೊಡುವವರು ಬೇಕು. ಅವರು ಮನೆಯವರಾಗಿರಬಾರದು. ಮುಂಬೈಗೆ ಇದು ಹೊಸದಲ್ಲ. ಜಿಪಿಓ, ಅಂದರೆ ದೊಡ್ಡ ಅಂಚೆ ಕಚೇರಿಯ ಎದುರು ಕೂತು ಊರಿಗೆ ಕಾಗದ ಬರೆದುಕೊಡುವವರು ಇದ್ದರು. ಹೋಟೆಲಿನಲ್ಲಿ ಹಗಲಿಡೀ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು ಜೊತೆಯವರ ಪರವಾಗಿ ಮನೆಗೆ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು, ಯಾರಿಗೂ ಹೊರಗೆ ಹೇಳದೇ ಇರುವುದು. ಆ ಶಿಸ್ತು ನಮ್ಮವರಿಗೆ ಗೊತ್ತಿದೆ.

ಸಂಘಗಳ ಹಿರಿಯರೇ, ಇಲ್ಲಿ ನಿಮ್ಮ ಪಾಲಿದೆ. 1926ರ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಮೊನ್ನೆ ಮೊನ್ನೆ ಶುರುವಾದ ಉಪನಗರದ ಬಳಗಗಳವರೆಗೆ ನಮ್ಮಲ್ಲಿ ಸಂಘಗಳಿಗೇನೂ ಬರವಿಲ್ಲ. ಬಿಪಿ, ಶುಗರ್, ಕಣ್ಣಿನ ಶಿಬಿರ ಮಾಡುತ್ತೀರಿ. ನಾಟಕ, ಯಕ್ಷಗಾನ, ಕವಿಗೋಷ್ಠಿ ಮಾಡುತ್ತೀರಿ. ಮನಸ್ಸಿನ ಕಾಯಿಲೆ ಇರುವ ಮನೆಯವರು ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಯಾರಿಗೂ ಹೇಳದೆ ಎದ್ದು ಹೋಗುತ್ತಾರೆ. ನಿಮ್ಮಲ್ಲಿ ಬರೆಯಬಲ್ಲ, ಓದಬಲ್ಲ ನಿವೃತ್ತರು ಎಷ್ಟೋ ಜನ ಇದ್ದಾರೆ. ವಾರಕ್ಕೆ ಒಂದು ಬೆಳಿಗ್ಗೆ ಓಪಿಡಿಯ ಬೆಂಚಿನಲ್ಲಿ ಕೂತು ಹೇಳಿದ್ದನ್ನು ಬರೆದುಕೊಡಲು ಅವರನ್ನು ಕಳಿಸಿ. ತರಬೇತಿಯನ್ನು ಆಸ್ಪತ್ರೆಯವರು ಕೊಡಲಿ.

ಕೊನೆಗೆ ಡಾಕ್ಟರುಗಳಿಗೆ ಇನ್ನೊಂದು ಮಾತು. ಇದನ್ನು ಬೇಡಿಕೆ ಎನ್ನುವುದಕ್ಕಿಂತ ಆಸೆ ಎನ್ನಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರೋನ್ ತಮ್ಮ ವಿದ್ಯಾರ್ಥಿಗಳಿಂದ ಒಂದು ಬೇರೆ ಬಗೆಯ ಟಿಪ್ಪಣಿ ಬರೆಸುತ್ತಿದ್ದರು. ಕೇಸ್ ಶೀಟಿನಲ್ಲಿ ಬರೆಯಲಾಗದ್ದು, ಆದರೆ ಎಲ್ಲಾದರೂ ಬರೆಯಲೇಬೇಕಾದದ್ದು. ಈ ರೋಗಿಯನ್ನು ಕಂಡರೆ ನನಗೆ ನನ್ನ ಅಜ್ಜನ ನೆನಪಾಗುತ್ತದೆ, ಅದಕ್ಕೇ ಅಳು ಬರುತ್ತದೆ ಎನ್ನುವಂಥದ್ದು. ಅದನ್ನು ಸಾಮಾನ್ಯ ಮಾತಿನಲ್ಲಿ ಬರೆದು, ತಮ್ಮ ಗುಂಪಿನಲ್ಲಿ ಓದುವುದು. ಲಾತೂರಿನಿಂದಲೋ ಕೇರಳದಿಂದಲೋ ಬಂದು, ನಿದ್ದೆಗೆಟ್ಟು, ದಿನವಿಡೀ ಬೇರೆಯವರ ದುಃಖ ಕೇಳುವ ನಮ್ಮ ರೆಸಿಡೆಂಟುಗಳಿಗೂ ಇದು ಬೇಕು ಅನ್ನಿಸುತ್ತದೆ. ವಾರ್ಡಿನ ಹಗಲು ಕೋಣೆಯಲ್ಲಿ ವಾರಕ್ಕೊಮ್ಮೆ ರೋಗಿಗಳು, ನರ್ಸುಗಳು, ಆಯಾ ಮಾವ್ಶಿಯರು, ಡಾಕ್ಟರುಗಳು ಸುತ್ತ ಕೂತು ಒಂದು ಸಣ್ಣ ಕಥೆಯನ್ನು ಜೋರಾಗಿ ಓದಿದರೆ ಹೇಗೆ? ತನ್ನ ಬಗ್ಗೆ ಬಾಯಿಬಿಡದವರು ಕಥೆಯ ಮನುಷ್ಯನ ಬಗ್ಗೆ ಮಾತಾಡುತ್ತಾರೆ. ಶಾಲೆಯಲ್ಲಿ ಇದನ್ನು ನಾನು ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ. ನನ್ನದು ಒಂದೇ ಷರತ್ತು. ಜೀವಕ್ಕೆ ಅಪಾಯದ ಸುಳಿವು ಬಿಟ್ಟರೆ, ಆ ಒಂದು ಗಂಟೆಯಲ್ಲಿ ಯಾರು ಏನು ಅಂದರೂ ಕೇಸ್ ಪೇಪರಿಗೆ ಹೋಗಬಾರದು.

ಈಗ ಆಗಬೇಕಾದದ್ದು: ಒಂದು ಆಸ್ಪತ್ರೆ, ಒಂದು ಓಪಿಡಿ, ವಾರದ ಒಂದು ದಿನ. ಆರು ತಿಂಗಳು ಮಾಡಿ ನೋಡಿ. ಮುಗಿದ ಮೇಲೆ ಇದು ಬೇಕೋ ಬೇಡವೋ ಎಂದು ಡಾಕ್ಟರುಗಳನ್ನೂ ಕೇಳಿ, ರೋಗಿಗಳನ್ನೂ ಕೇಳಿ. ಹಾಳೆಯ ಕನ್ನಡ ಮಾದರಿಯನ್ನು ನಾವು ಕೆಲವು ಮನೆಯವರು ಕೂತು ಸಿದ್ಧ ಮಾಡಿದ್ದೇವೆ. ಏನು ಕೇಳಬೇಕು ಎಂದು ನನ್ನ ತಮ್ಮನೂ ಹೇಳಿದ್ದಾನೆ. ಅದರಲ್ಲಿ ಮೂರೇ ಪ್ರಶ್ನೆ ಇವೆ. ಹಿಂದಿನ ಸಲ ಬಂದು ಹೋದ ಮೇಲೆ ನಿಮ್ಮ ಮೈಯಲ್ಲಿ, ಮನಸ್ಸಿನಲ್ಲಿ ಏನು ಬದಲಾಯಿತು? ಜೊತೆಗೆ ಬಂದವರಿಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ? ಡಾಕ್ಟರು ಇವತ್ತು ಯಾವುದಕ್ಕೆ ಉತ್ತರ ಕೊಡಬೇಕು? ಎರಡನೆಯ ಪ್ರಶ್ನೆ ತಮ್ಮನದು. ಹಿಂಭಾಗ ಡಾಕ್ಟರು ಬರೆಯಲು ಖಾಲಿ ಇದೆ.

ಮರಾಠಿ ಮತ್ತು ಹಿಂದಿಯಲ್ಲಿ ಇದನ್ನು ಮಾಡಿಕೊಡಲು ನಮ್ಮಲ್ಲೇ ಜನ ಇದ್ದಾರೆ. ಉರ್ದು, ಗುಜರಾತಿಗೆ ನಿಮ್ಮ ಸಹಾಯ ಬೇಕು. ಯಾವ ಆಸ್ಪತ್ರೆ, ಯಾವ ವಾರ ಎಂದು ನೀವು ತಿಳಿಸಿದರೆ ಹಾಳೆ, ಪೆನ್ನು ಮತ್ತು ಬರೆದುಕೊಡುವವರನ್ನು ಕರೆದುಕೊಂಡು ಬೆಳಿಗ್ಗೆ ಎಂಟಕ್ಕೇ ಬರುತ್ತೇವೆ.

ಇಂತು ನಿಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಅಕ್ಕ, ನಿವೃತ್ತ ಕನ್ನಡ ಶಿಕ್ಷಕಿ